ಪಂಚಮಿಗೆ ಹೊರಟ ಕಾಲುಗಳು

ನಿನ್ನೆ ಬಾಜೂ ಮನೆಯ ಕಾಕಿ ಅಟ್ಟ ಸ್ವಚ್ಛ ಮಾಡುವಾಗ ಎರಡು ಕಟ್ಟಿಗೆಯ ಹಲಗೆಗಳನ್ನು ಕೆಳಗಿಳಿಸಿದಳು. ಕಾಲಿನಿಂದ ಕಬ್ಬಿಣದ ಸಲಾಕಿ ಉರುಳಿಸಿ ಹತ್ತಿಯಿಂದ ಕಾಳು ಬಿಡಿಸುವ ಹೆಂಗಸರು ಅಂಗಾಲಿಗೆ ಕಟ್ಟಿಕೊಳ್ಳುವ ಹಲಗೆಗಳವು. ಹರಳೆಣ್ಣೆಯ ಜಿಡ್ಡು, ಜಜ್ಜಿದ ಹತ್ತಿಕಾಳಿನ ಹಸಿ ವಾಸನೆ, ಕಬ್ಬಿಣದ ಒಗರು, ಎಲ್ಲವೂ ಒಮ್ಮೆಲೇ ಮೂಗಿಗೆ ಬಡಿದವು. ಪಡಸಾಲೆಯಲ್ಲಿ ಕಾಕಿಯ ಅತ್ತೆ, ಓಣಿಗೆಲ್ಲ ಆಯಿ, ಬಂದು ಕುಳಿತಂತಾಯಿತು...

ಆಕೆಯ ಮಾತು ಎತ್ತುವ ಮೊದಲು ನನ್ನ ಹುಚ್ಚುತನವನ್ನು ನಾನೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಓಣಿಯವರು ಅದಕ್ಕೆ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಒಂದು ಶ್ರಾವಣದ ಸಂಜೆ, ನಡೆಯಲಾರದ ಮುದುಕಿಯೊಬ್ಬಳ ಮನೆಯ ಮುಂದೆ ನಿಂತು, ಅವಳ ಅಣ್ಣನ ದನಿ ತೆಗೆದು "ತಂಗೀ, ಹೊಂಡವಾ", ತವರಿಗೆ ಹೊರಡು, ಎಂದು ಕೂಗಿದವನು ನಾನು. ನಗಿಸಬೇಕೆಂದು ಕೂಗಿದೆ. ಆ ಒಂದು ಕೂಗು ನನ್ನನ್ನು ನರಗುಂದದಿಂದ ಗಜೇಂದ್ರಗಡದ ತನಕ ಕೆಸರಿನಲ್ಲಿ ನಡೆಸಿತು.

ಆಗ ನರಗುಂದಕ್ಕೆ ತನ್ನ ರಾಜ ಇದ್ದ, ನನಗೆ ಮೀಸೆ ಇರಲಿಲ್ಲ. ಈಗ ಎರಡೂ ಅದಲುಬದಲಾಗಿವೆ. ಆದರೆ ಕಂಡವರ ನಡಿಗೆ ಕದಿಯುವ ಚಟ ಅಂದೂ ಇತ್ತು, ಇಂದೂ ಇದೆ. ಹೊಟ್ಟೆ ಮುಂದೆ ಬಿಟ್ಟು ತಾನು ಹಿಂದೆ ಬರುವ ಊರಗೌಡ, ಕುದುರೆಯಿಂದ ಇಳಿದ ಮೇಲೂ ಕುದುರೆಯ ಮೇಲೇ ಇದ್ದಂತೆ ಕಾಲು ಅಗಲಿಸಿ ನಡೆಯುವ ಕುಂಪಣಿ ಸರಕಾರದ ಸಾಹೇಬ, ಸಾಲ ಕೇಳಲು ಬರುವಾಗ ಒಂದು ನಡಿಗೆ, ಅದನ್ನು ಮರಳಿ ಕೇಳಿದರೆ ಇನ್ನೊಂದು ನಡಿಗೆ ಇದ್ದ ನಮ್ಮ ಸೋದರಮಾವ... ಎಲ್ಲರೂ ನನ್ನ ಕಾಲಲ್ಲಿ ಇದ್ದರು.

ಗಂಡಸರ ನಡಿಗೆ ಸುಲಭ. ಅವರು ಅರ್ಧ ನಡೆಯುತ್ತಾರೆ, ಅರ್ಧ ಮೆರೆಯುತ್ತಾರೆ. ಹೆಂಗಸರದು ಕಷ್ಟ. ಬಾವಿಯಿಂದ ನೀರು ತರುವವರನ್ನು ಕಣ್ಣು ಮುಚ್ಚಿ ಕೇಳುತ್ತ ಕೂಡುತ್ತಿದ್ದೆ. ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಸೊಸೆ ಹಿಮ್ಮಡಿ ಊರುವುದೇ ಇಲ್ಲ, ಅವಳ ಕಾಲುಂಗುರ ಮಾತ್ರ ಮಾತಾಡುತ್ತದೆ. ಎರಡು ಮಕ್ಕಳಾದವಳ ಹೆಜ್ಜೆಯಲ್ಲಿ ಯಾವಾಗಲೂ ಒಲೆಯ ಮೇಲೆ ಏನೋ ಇಟ್ಟು ಬಂದ ಅವಸರ. ಇನ್ನೂ ವಯಸ್ಸಾದಂತೆ ಹೆಜ್ಜೆ ಗಿಡ್ಡವಾಗುತ್ತದೆ, ಪಾದಗಳು ಒಂದರಿಂದೊಂದು ದೂರ ಸರಿಯುತ್ತವೆ. ಕೂದಲು ನೆರೆಯುವ ಮೊದಲೇ ವಯಸ್ಸು ಹೆಜ್ಜೆಗೆ ಬರುತ್ತದೆ. ಕೂದಲಿಗೆ ಸೆರಗು ಹೊದೆಯಬಹುದು, ಹೆಜ್ಜೆಗೆ ಏನು ಹೊದಿಸುತ್ತೀರಿ?

ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆಯಿಯ ನಡಿಗೆ. ನಾನು ಸಣ್ಣವನಿದ್ದಾಗ ಆಕೆ ತಲೆಯ ಮೇಲೆ ಕೊಡ ಇಟ್ಟುಕೊಂಡು, ಎರಡೂ ಕೈ ಬೀಸಿಕೊಂಡು, ಜಗಳ ಮಾಡುತ್ತ ನಡೆಯುತ್ತಿದ್ದಳು. ಮೊದಲು ಕೈ ಬೀಸುವುದು ನಿಂತಿತು. ಆಮೇಲೆ ನೋಟ ನೆಲಕ್ಕಿಳಿಯಿತು. ಒಂದು ಕಾಲು ಏಳಬೇಕಾದರೆ ಇನ್ನೊಂದು ಕಾಲು ಪೂರಾ ಊರಿದ್ದು ಖಾತ್ರಿಯಾಗಬೇಕು. ಎರಡೂ ಕೂಡಿ ಪಂಚಾಯತಿ ಮಾಡಿದ ಮೇಲೆಯೇ ಮುಂದಿನ ಹೆಜ್ಜೆ. ಭಾರ ಬದಲಿಸುವಾಗ ಟೊಂಕ ಆಚೆ ಈಚೆ ತೂಗುತ್ತಿತ್ತು. ತಿರುಗಬೇಕಾದರೆ ತಲೆ, ಹೆಗಲು, ಟೊಂಕ ಎಲ್ಲ ಒಟ್ಟಿಗೇ, ಚಕ್ಕಡಿ ತಿರುಗಿದ ಹಾಗೆ. ಕೊನೆಗೆ ಜಗಳವೂ ಹೋಯಿತು. ಅಂದರೆ ಬಾಯಿ ಹೋಗಲಿಲ್ಲ, ಬೈಯಬೇಕೆಂದರೆ ನಿಲ್ಲಬೇಕಾಯಿತು. ನಡೆಯುವಾಗ ಸುಮ್ಮನೆ, ನಿಂತಾಗ ಬೈಗುಳ.

ಒಮ್ಮೆ ಕಟ್ಟೆಯ ಮೇಲೆ ನಾನು ಆಕೆಯ ನಡಿಗೆ ತೋರಿಸುತ್ತಿದ್ದಾಗ ಬೆನ್ನ ಹಿಂದೆ ಆಕೆಯೇ ಬಂದು ನಿಂತಿದ್ದಳು. ಎಲ್ಲರೂ ಬೇರೆ ಕಡೆ ನೋಡಿದರು. ಆಕೆ ಮಾತ್ರ ಪೂರ್ತಿ ನೋಡಿ, "ಎಡಗಾಲು ಇನ್ನಷ್ಟು ಎಳೀಬೇಕಲೇ. ಕದಿಯೂದ ಆದ್ರ ಪೂರಾ ಕದಿ" ಎಂದಳು. ಆಮೇಲೆ ಹೋಗುವಾಗ ಹೇಳಿದ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು: "ಎಲ್ಲಾರ ನಡಿಗಿನೂ ನಡೀತಿ. ನಿಂದ ಅಂತ ಒಂದು ನಡಿಗಿ ಐತೇನಲೇ, ಖೋಡಿ?"

ಆಕೆಯ ತವರು ಗಜೇಂದ್ರಗಡದ ಗುಡ್ಡದ ಬುಡದಲ್ಲಿತ್ತು. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಕರೆಯಲು ತವರಿನಿಂದ ಯಾರಾದರೂ ಬರಬೇಕು. ಕರೆಯದೆ ಹೋದರೆ ಹೋದವಳಿಗೂ ಮಾನವಿಲ್ಲ, ಹೊಕ್ಕ ಮನೆಗೂ ಮಾನವಿಲ್ಲ. ಆಯಿಯನ್ನು ಕರೆಯಲು ಮದುವೆಯಾದಾಗಿನಿಂದ ಅವಳ ಅಣ್ಣನೇ ಬರುತ್ತಿದ್ದ. ಮುದುಕನಾದ ಮೇಲೂ ಬಂದ. ಓಣಿಯ ಮೂಲೆಯಲ್ಲಿ ಅವನ ಕೂಗು ಕೇಳಿದರೆ ಸಾಕು, ಆಯಿ ಉಂಡಿಯ ಗಂಟು ಹಿಡಿದು ಹೊರಬೀಳುತ್ತಿದ್ದಳು.

ಆ ವರ್ಷ ಅಣ್ಣ ಬರಲಿಲ್ಲ. ಹಾಸಿಗೆ ಹಿಡಿದಿದ್ದಾನೆ, ದೀಪಾವಳಿ ಕಾಣುವುದು ಕಷ್ಟ ಎಂದು ಸೀರೆ ಮಾರಲು ಬಂದ ಗಜೇಂದ್ರಗಡದ ನೇಕಾರನೊಬ್ಬ ಸುದ್ದಿ ತಂದ. ಅಣ್ಣನಿಗೆ ಮಕ್ಕಳಿರಲಿಲ್ಲ, ಮುದುಕಿ ಹೆಂಡತಿ ಅವನನ್ನು ಬಿಟ್ಟು ಬರುವಂತಿರಲಿಲ್ಲ. ಅಂದಿನಿಂದ ಆಯಿ ಎರಡು ಮಾತು ಆಡುವಲ್ಲಿ ಒಂದು ಆಡಿದಳು. ಆದರೂ ಉಂಡಿ ಕಟ್ಟಿದಳು. ಎಳ್ಳಿನದು, ಅಳ್ಳಿಟ್ಟಿನದು... ಯಾರಿಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವಳ ಮಗ, ಅಂದರೆ ಬಾಜೂ ಮನೆಯ ಕಾಕಾ, ಕೆಟ್ಟವನಲ್ಲ. ಅವ್ವನ ಮೇಲೆ ಜೀವ ಇದ್ದವನು. "ಯವ್ವಾ, ಎರಿ ನೆಲ ಕುದ್ದಂಗ ಆಗೇತಿ, ಚಕ್ಕಡಿ ಗಾಲಿ ಅಚ್ಚಿನ ಮಟಾ ಹುಗೀತೈತಿ. ನಡಕೋತ ಹೋಗ್ತೀನಂದ್ರ ನಿನ್ನ ನಡಿಗಿ ನೀನ ನೋಡು. ಬೆಣ್ಣಿಹಳ್ಳದಾಗ ಕಾಲು ಜಾರಿದ್ರ ನಾ ಯಾರ್ನ ಅವ್ವಾ ಅನ್ಲಿ?" ಎಂದ. ಆಯಿ, "ಕರಿಯಾಕ ಯಾರೂ ಬಂದಿಲ್ಲ ಬಿಡು. ಕರೀದ ನಾ ಹ್ಯಾಂಗ ಹೋಗ್ಲಿ?" ಎಂದಳು. ಅಲ್ಲಿಗೆ ಮುಗಿದಿತ್ತು.

ಆಗ ನನಗೆ ಬುದ್ಧಿ ಬಂತು. ಬುದ್ಧಿ ಎಂದು ನಾನು ತಿಳಿದುಕೊಂಡದ್ದು ಬಂತು ಎನ್ನಿ. ಆಯಿ ನಾಲ್ಕು ದಿನದಿಂದ ನಕ್ಕಿಲ್ಲ, ನಗಿಸೋಣ ಎಂದು ಆಕೆಯ ಮನೆಯ ಮುಂದಿನ ಬೇವಿನ ಮರದ ಹಿಂದೆ ನಿಂತೆ. ಅವಳ ಅಣ್ಣನ ದನಿ ನನ್ನ ಗಂಟಲಲ್ಲಿ ಯಾವತ್ತಿನಿಂದಲೋ ಇತ್ತು. "ತಂಗೀ, ಹೊಂಡವಾ, ಹೊತ್ತಾತು!" ಎಂದು ಕೂಗಿ, ಅವನ ಹಾಗೆಯೇ ಒಂದು ಒಣ ಕೆಮ್ಮು ಕೆಮ್ಮಿದೆ.

ಒಳಗೆ ಏನೋ ಬಿದ್ದ ಸಪ್ಪಳ. ಆಮೇಲೆ ಹೆಜ್ಜೆ. ನಾನು ಕಿವಿಗೊಟ್ಟೆ, ಅದು ನನಗೆ ಗೊತ್ತಿದ್ದ ಹೆಜ್ಜೆಯಲ್ಲ. ಪಂಚಾಯತಿ ಇಲ್ಲ, ಎಳೆತ ಇಲ್ಲ. ದಡದಡ ಬಂದ ಹೆಜ್ಜೆ. ಹೊಸ್ತಿಲು ದಾಟಿ ಆಯಿ ಹೊರಬಂದಳು, ಕೈಯಲ್ಲಿ ಉಂಡಿಯ ಗಂಟು. ಮರದ ಹಿಂದೆ ನನ್ನನ್ನು ಕಂಡಳು...

ನಗು ಬರಲಿಲ್ಲ. ಯಾರಿಗೂ ಬರಲಿಲ್ಲ. ಕಾಕಾ ಹೊರಗೆ ಬಂದು ನನ್ನ ಕುತ್ತಿಗೆಗೆ ಕೈ ಹಾಕಿದ. "ಭಾಡ್ಯಾ, ಮುದಕಿ ಜೋಡಿ ಚಾಷ್ಟಿ ಮಾಡ್ತೀಯೇನಲೇ?" ಅವನ ಇನ್ನೊಂದು ಕೈ ಮೇಲೆದ್ದಿತ್ತು.

"ಬಿಡು ಅವನ್ನ" ಎಂದಳು ಆಯಿ. ಉಸಿರು ಮೇಲಕ್ಕೆ ಕೆಳಕ್ಕೆ ಆಗುತ್ತಿತ್ತು, ದನಿ ಮಾತ್ರ ಗಟ್ಟಿ. "ಕರಿಯಾಕ ಯಾರೂ ಬಂದಿಲ್ಲ ಅಂದಿದ್ನಿ. ಈಗ ಬಂದಾರ."

"ಯವ್ವಾ, ಇದು ಈ ಮಂಗ್ಯಾ ಕೂಗಿದ್ದು!"

"ಮಂಗ್ಯಾನ ಕೂಗಲಿ, ಕ್ವಾಣಾನ ಕೂಗಲಿ. ಓಣ್ಯಾಗ ನಿಂತು, ನಾಕು ಮಂದಿ ಕೇಳೂವಂಗ ನಮ್ಮಣ್ಣನ ದನೀಲೆ ನನ್ನ ತವರಿಗೆ ಕರದಾನ. ಕರದಾಂವನ ನನ್ನ ಕರಕೊಂಡು ಹೋಗಬೇಕು. ಹೌದಿಲ್ಲೋ?"

ಕೊನೆಯ ಪ್ರಶ್ನೆ ನನಗೆ. ಓಣಿಯೆಲ್ಲ ನನ್ನನ್ನು ನೋಡುತ್ತಿತ್ತು. ಹೂಂ ಎಂದೆ. ಅಲ್ಲವೆಂದರೆ ಕಾಕಾನ ಕೈ ಇನ್ನೂ ಮೇಲೆಯೇ ಇತ್ತು.

ಕಾಕಾ ಇಡೀ ಸಂಜೆ ವಾದ ಮಾಡಿದ. ಹೊಲದ ಕೆಲಸ ಬಿಟ್ಟು ತಾನೂ ಬರುತ್ತೇನೆಂದರೆ ಹಿಂದಿನ ದಿನವಷ್ಟೇ ಅವನ ಎಮ್ಮೆ ಈದಿತ್ತು. ಅದು ಅವನ ಕೈಗಲ್ಲದೆ ಹಾಲು ಬಿಡುತ್ತಿರಲಿಲ್ಲ. ಕಡೆಗೆ ಕಾಕಿ, ಅಲ್ಲಿಯ ತನಕ ಒಂದು ಮಾತೂ ಆಡದವಳು, ಕೋಲೊಂದನ್ನು ತಂದು ಅತ್ತೆಯ ಕೈಯಲ್ಲಿಟ್ಟು ಒಳಗೆ ಹೋದಳು. ಮರುದಿನ ಬೆಳಕು ಹರಿಯುತ್ತಲೇ ಹೊರಟೆವು. ಗಂಟು ನನ್ನ ತಲೆಯ ಮೇಲೆ. ಮೊದಲ ಹರದಾರಿಯಲ್ಲೇ ನನಗೆ ನಾಚಿಕೆಯಾಯಿತು. ನಾನು ನಾಲ್ಕು ಹೆಜ್ಜೆ ಹಾಕಿ ನಿಲ್ಲುವುದು, ಆಕೆ ಬಂದು ಮುಟ್ಟುವುದು, ಮತ್ತೆ ನಾಲ್ಕು ಹೆಜ್ಜೆ. ಮಳೆ ಬಿದ್ದ ಎರೆಮಣ್ಣು ಕಾಲಿಗೆ ಹತ್ತಿ ರೊಟ್ಟಿಯಷ್ಟು ದಪ್ಪವಾಗುತ್ತಿತ್ತು. ಎಳೆಯ ಕಾಲಿನ ಜಂಬದಲ್ಲಿ ನಾನು ಉದ್ದ ಹೆಜ್ಜೆ ಎತ್ತಿದೆ. ಮುಂದಿನ ಕಾಲು ಜಾರಿತು, ಹಿಂದಿನದು ಹುಗಿದಲ್ಲೇ ಉಳಿಯಿತು, ನಾನು ನಡುವೆ ಮಲಗಿದೆ. ಗಂಟನ್ನು ಮಾತ್ರ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದೆ.

ಆಯಿ ನಿಂತಳು. ನಿಂತರೆ ಬೈಗುಳ ಎಂದು ನನಗೆ ಗೊತ್ತು. ಆದರೆ ಆಕೆ ನಕ್ಕಳು, ನಾಲ್ಕು ದಿನಗಳ ಮೇಲೆ ಮೊದಲ ಸಲ. "ಮುದಕಿ ಬೀಳ್ತಾಳ ಅಂತ ನನ್ನ ಮಗ ಅಂಜತಿದ್ದ. ಬಿದ್ದಾಂವ ಯಾರಪಾ?"

"ಆಯೀ, ನಿನಗ ಹ್ಯಾಂಗ ಜಾರವಲ್ದು?"

"ಹುಡುಗಿ ಇದ್ದಾಗಿಂದ ಹಲಗಿ ಕಟಕೊಂಡು ಕುಂತು ಕಾಲಿಲೆ ಸಲಾಕಿ ಉಳ್ಳಿಸೀನಿ. ಹತ್ತಿ ಹಿಂದ ಉಳೀಬೇಕು, ಕಾಳು ಮುಂದ ಹೋಗಬೇಕು. ನನ್ನ ಕಾಲಿಗೆ ನೆಲಾ ಬಿಟ್ಟು ಏಳೂದ ಮರತೈತಿ. ನಿಮಗದು ನಗಿ. ಕಟ್ಟಿ ಮ್ಯಾಲೆ ಮಾಡಿ ತೋರಸ್ತಿಯಲ್ಲ, ಇಲ್ಲಿ ಮಾಡು ನೋಡೂಣು."

ಮಾಡಿದೆ. ಪಾದ ಅಗಲಿಸಿದೆ, ಹೆಜ್ಜೆ ಗಿಡ್ಡ ಮಾಡಿದೆ, ಕಣ್ಣು ನೆಲದಲ್ಲಿಟ್ಟೆ, ಎಡಗಾಲು ಎಳೆದೆ. ಕಟ್ಟೆಯ ಮೇಲೆ ಜನರನ್ನು ನಗಿಸಿದ ನಡಿಗೆ ಕೆಸರಿನಲ್ಲಿ ನನ್ನನ್ನು ನಿಲ್ಲಿಸಿತು. ಬೆಣ್ಣಿಹಳ್ಳದ ದಂಡೆಗೆ ಬಂದಾಗ ನೀರು ಇಳಿಯುತ್ತಿತ್ತು, ಆದರೂ ತೊಡೆಯ ಮಟ್ಟಕ್ಕಿತ್ತು. ಆಯಿ ಕೋಲು ಊರಿ, ಕಾಲು ಎತ್ತದೆ, ಸರಿಸುತ್ತ ಸರಿಸುತ್ತ ಇಳಿದಳು; ಹಿಂದೆ ಅವಳ ನಡಿಗೆಯಲ್ಲೇ ನಾನು. ಎತ್ತಿದ ಕಾಲನ್ನು ನೀರು ಎಳೆಯುತ್ತದೆ, ಎತ್ತದ ಕಾಲನ್ನು ಏನು ಮಾಡೀತು? ಆಚೆ ದಂಡೆಯಲ್ಲಿದ್ದ ದನಗಾಹಿ, "ಅಜ್ಜಿ ಮೊಮ್ಮಗ ಇಬ್ಬರದೂ ಒಂದ ನಡಿಗಿ ಐತಲ್ರಿ!" ಎಂದು ಕೂಗಿದ. ಆಯಿ ದಡ ಹತ್ತಿ, ನಿಂತು, ಉಸಿರು ತೆಗೆದುಕೊಂಡು ಉತ್ತರ ಕೊಟ್ಟಳು: "ಮೊಮ್ಮಗ ಅಲ್ಲಪಾ, ಕಳ್ಳ. ಮಾಲು ಸಮೇತ ಸಿಕ್ಕಾನ."

ನಡುದಾರಿಯಲ್ಲಿ ಆಕೆ ಎಷ್ಟೋ ಸಲ ನಿಂತಳು, ಆದರೆ ಕೂಡಲಿಲ್ಲ. ನಾನು ಕಲ್ಲು ಕಂಡಲ್ಲೆಲ್ಲ ಕೂಡಲು ಹೋದರೆ ಕೋಲಿನಿಂದ ತಿವಿದಳು. "ನಿಲ್ಲು, ಕೂಡಬ್ಯಾಡ. ಕುಂತ್ರ ಮೊಣಕಾಲಿಗೆ ಮನಿ ನೆನಪಾಗತೈತಿ." ಊರು ಮುಟ್ಟಿ, ಇಳಿದುಕೊಳ್ಳುವ ಮನೆ ಸಿಕ್ಕ ಮೇಲೆಯೇ ಕೂಡುವುದು. ರೋಣದಲ್ಲಿ ಅವಳ ಸಂಬಂಧಿಕರ ಮನೆಯಲ್ಲಿ ಕಾಲಿಗೆ ಹರಳೆಣ್ಣೆ ತಿಕ್ಕಿಸಿಕೊಂಡು ಹೊರಟೆವು. ರಾಜನ ನರಗುಂದ ಬಿಟ್ಟು, ಕುಂಪಣಿಯ ರೋಣ ದಾಟಿ, ಜಾಗೀರಿನ ಗಜೇಂದ್ರಗಡದತ್ತ. ಮೂರು ಸರಕಾರಗಳನ್ನು ತುಳಿದೆವು. ಕೆಸರು ಎಲ್ಲದರದ್ದೂ ಒಂದೇ.

ದಾರಿಯಲ್ಲಿ ಒಮ್ಮೆ ಆಕೆ ನಿಂತಾಗ ಕೇಳಿದೆ: "ಆಯೀ, ಅವತ್ತ ಖರೇನ ನಿಮ್ಮಣ್ಣ ಅಂತ ತಿಳದಿದ್ದೇನು?"

"ಹೊಸ್ತಲದ ಮಟಾ ಹಂಗ ತಿಳದಿದ್ನಿ. ಹೊಸ್ತಲಾ ದಾಟೂಮುಂದ ನೆನಪಾತು. ನಮ್ಮಣ್ಣ ಮೊದಲ ಕೆಮ್ಮಿ ಆಮ್ಯಾಲ ಕರೀತಾನ. ನೀ ಕರದು ಕೆಮ್ಮಿದಿ. ಅಷ್ಟರಾಗ ಕಾಲು ಹೊರಗ ಬಿದ್ದಿತ್ತು. ಹೊರಗ ಬಿದ್ದ ಕಾಲು ಒಳಗ ಹ್ಯಾಂಗ ತಗೊಳ್ಳಿ?"

ಗಜೇಂದ್ರಗಡ ಸಮೀಪಿಸಿದಂತೆ ಕರಿನೆಲ ಮುಗಿದು ಕೆಂಪು ನೆಲ, ಕಲ್ಲು, ಏರು ಬಂತು. ಅಲ್ಲಿ ನನ್ನ ಕಾಲು ಹಗುರಾಯಿತು, ಆಕೆಯದು ಸೋತಿತು. ಕೆಸರಿಗೆ ಒಗ್ಗಿದ ನಡಿಗೆಗೆ ಕಲ್ಲು ಒಗ್ಗಲಿಲ್ಲ. ಸರಿಸಿದ ಪಾದ ಪ್ರತಿ ಕಲ್ಲಿಗೂ ಎಡವುತ್ತಿತ್ತು. ಕಾಲು ಎತ್ತಲೇಬೇಕು, ಎತ್ತಿದರೆ ಒಂದೇ ಕಾಲಿನ ಮೇಲೆ ಒಂದು ಗಳಿಗೆ ನಿಲ್ಲಬೇಕು. ಆ ಒಂದು ಗಳಿಗೆ ಆಕೆಯ ಹತ್ತಿರ ಇರಲಿಲ್ಲ. ಊರಿನ ಮನೆಗಳು ಕಾಣುತ್ತಿದ್ದವು. ಕೊನೆಯ ಏರಿನ ನಡುವೆ ಆಕೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು.

"ಹೊತ್ತಕೊಂಡು ಹೋಗ್ಲೇನು ಆಯೀ?" ಎಂದೆ.

"ಹೆಣಾ ಹೊತ್ತಕೊಂಡು ಹೋಗ್ತಾರ. ತವರಿಗೆ ಬಂದ ಮಗಳನ್ನಲ್ಲ." ಸುಧಾರಿಸಿಕೊಂಡು, ನನ್ನನ್ನು ನೋಡದೆ ಹೇಳಿದಳು: "ಮುಂದ ಹೋಗಿ ನಿಂದರು. ಅವತ್ತ ಕರದಿಯಲ್ಲಾ, ಹಂಗ ಇನ್ನೊಮ್ಮೆ ಕರಿ."

ನಾನು ಏರಿನ ತಲೆಗೆ ಹೋಗಿ ನಿಂತೆ. ಗೌಡನನ್ನು, ಸಾಹೇಬನನ್ನು ಹೆದರದೆ ಅಣಕಿಸಿದವನು ನಾನು. ಅಲ್ಲಿ ಮಾತ್ರ ದನಿ ತಪ್ಪೀತೆಂದು ಹೆದರಿದೆ. ಮೊದಲು ಕೆಮ್ಮಿದೆ. ಆಮೇಲೆ ಕರೆದೆ. "ತಂಗೀ... ಹೊಂಡವಾ, ಹೊತ್ತಾತು."

ಆಕೆ ಕಣ್ಣು ಮುಚ್ಚಿ ಕೇಳಿದಳು. ಒಂದು ಕಾಲು ಎತ್ತಿದಳು, ಕಲ್ಲು ದಾಟಿಸಿ ಊರಿದಳು. ಮತ್ತೊಂದು. ನಿಂತಾಗಲೆಲ್ಲ ನಾನು ಹಿಂದೆ ಸರಿದು ಮತ್ತೆ ಕರೆದೆ. ಹಾಗೆ ಕರೆಯುತ್ತ ಕರೆಯುತ್ತ ಅವಳ ಅಣ್ಣನ ಬಾಗಿಲಿನ ತನಕ ಹೋದೆವು.

ಅಣ್ಣ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ಕಣ್ಣು ಕಾಣುತ್ತಿರಲಿಲ್ಲ, ಕಿವಿ ಚೆನ್ನಾಗಿತ್ತು. ಆಕೆ ಒಳಗೆ ಬರುವ ಸಪ್ಪಳ ಕೇಳಿ, "ಯಾರದು, ಯಾವ ಮುದಕಿ?" ಎಂದ.

"ನಾನಣ್ಣಾ."

"ನಮ್ಮ ತಂಗಿ ಹಿಂಗ ನಡಿಯಾಂಗಿಲ್ಲ. ಅಕಿ ಬಂದ್ರ ನೆಲಾ ನಡಗತೈತಿ."

"ನೀ ಕರಿಯಾಕ ಬಂದಿದ್ರ ನೆಲಾ ನಡಗಿಸೇ ಬರತಿದ್ನಿ. ಈ ಸಲ ಕರಿಯಾಕ ಬಂದಾಂವ ಇಂಥಾ ಮಂಗ್ಯಾ, ಏನ್ ಮಾಡ್ಲಿ?"

ಮುದುಕ ನಗಲು ಹೋಗಿ ಕೆಮ್ಮಿದ. ಆಕೆ ಹೊರಸಿನ ತುದಿಗೆ ಕೂತಳು. ದಾರಿಯುದ್ದಕ್ಕೂ ಕೂಡದವಳು ಅಲ್ಲಿ ಕೂತಳು. ಮರುದಿನ ಪಂಚಮಿ. ಮಣ್ಣಿನ ನಾಗಪ್ಪನ ಮೇಲೆ ಹಾಲೆರೆಯುತ್ತ ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು ಎಂದು ಬಂದು, ಅಣ್ಣನ ಪಾಲು ಎನ್ನುವಾಗ ಆಕೆಯ ಕೈ ತುಸು ಹೆಚ್ಚು ಹೊತ್ತು ನಿಂತಿತು...

ಅಣ್ಣ ದೀಪಾವಳಿ ಕಾಣಲಿಲ್ಲ. ಆಯಿ ಅಲ್ಲಿಯೇ ಉಳಿದಿದ್ದಳು. ನೆಲ ಒಣಗಿದ ಮೇಲೆ ಕಾಕಾ ಚಕ್ಕಡಿ ಕಟ್ಟಿಕೊಂಡು ಹೋಗಿ ಅವ್ವನನ್ನು ಕರೆತಂದ. ಅದರ ಮುಂದೆ ಆಕೆ ಓಣಿ ದಾಟಿ ಹೋಗಲಿಲ್ಲ. ನಡಿಗೆ ಬಾವಿಯ ತನಕ, ಆಮೇಲೆ ಕಟ್ಟೆಯ ತನಕ, ಆಮೇಲೆ ಹೊಸ್ತಿಲ ತನಕ ಬಂತು. ಈ ಬೇಸಿಗೆಯಲ್ಲಿ ಹಾಸಿಗೆಯ ತನಕ ಬಂದು ಮುಗಿಯಿತು. ಹೊತ್ತುಕೊಂಡು ಹೋದವರಲ್ಲಿ ನಾನೂ ಒಬ್ಬ. ತೀರ ಹಗುರ ಇದ್ದಳು.

ನಿನ್ನೆ ಆ ಹಲಗೆಗಳನ್ನು ನೋಡುತ್ತ ಕಾಕಾ ಗೋಡೆಗೆ ಒರಗಿ ಕೂತಿದ್ದ. "ನಮ್ಮವ್ವ ನಡಿಯೂದು ಇನ್ನ ನಿನ್ನ ಕಾಲಾಗಷ್ಟ ಐತಿ ನೋಡಪಾ. ಒಮ್ಮೆ ತೋರ್ಸು" ಎಂದ. ಅವ್ವನ ಅಣಕಕ್ಕೆ ನನ್ನ ಕುತ್ತಿಗೆ ಹಿಡಿದಿದ್ದ ಮನುಷ್ಯ. ನಾನು ಅಂಗಳಕ್ಕೆ ಇಳಿದೆ. ಈ ಬಾಗಿಲಿನಿಂದ ಆ ಬೇವಿನ ಮರದ ತನಕ ನಡೆಯುವುದು, ಅಷ್ಟೇ. ಪಾದ ಅಗಲಿಸಿದೆ, ಕಣ್ಣು ನೆಲಕ್ಕೆ ಇಳಿಸಿದೆ, ಎಡಗಾಲನ್ನು ಆಕೆ ಕಲಿಸಿದಷ್ಟು ಎಳೆದೆ. ಓಣಿಯ ಹುಡುಗರು ನಗಲಿಲ್ಲ. ಕಾಕಾನ ಮುಖ ನೋಡಬಾರದಿತ್ತು, ನೋಡಿದೆ. ಅಂಗಳದ ನಡುವೆಯೇ ಕೂತುಬಿಟ್ಟೆ.

ಕಾಕಿ ಹಲಗೆಗಳ ಧೂಳು ಒರೆಸುವುದನ್ನು ನಿಲ್ಲಿಸಲಿಲ್ಲ. ನನ್ನ ಕಡೆ ತಿರುಗಿಯೂ ನೋಡದೆ ಅಂದಳು:

"ಏಳು, ಮರದ ಮಟಾ ನಡಿ. ನಡುದಾರ್ಯಾಗ ಕುಂತ್ರ ಅದು ನಿನ್ನ ನಡಿಗಿ ಆತು, ನಮ್ಮತ್ತೀದಲ್ಲ."